ಹೊಸ ನಾಯಿಮರಿ: ಬಳಕೆದಾರರ ಕೈಪಿಡಿ, ರಂಗಂಪೇಟೆ ಆವೃತ್ತಿ

ಈ ಕೈಪಿಡಿಯನ್ನು ಮರಿ ಮನೆಗೆ ಬರುವ ಮೊದಲೇ ಓದಿ ಮುಗಿಸಿ. ಬಂದ ಮೇಲೆ ಪುರಸೊತ್ತು ಸಿಗುವುದಿಲ್ಲ. ಮರಿಯದೇನೂ ತಂಟೆಯಿಲ್ಲ, ಪಾಪ ಅದು ಮೂಲೆ ಹಿಡಿದು ಮಲಗಿರುತ್ತದೆ. ಅದನ್ನು ನೋಡಲು ಬಂದವರಿಗೆ ಚಹಾ ಕೊಡುವುದರಲ್ಲಿ, ಅವರು ಹೇಳಿದ್ದಕ್ಕೆಲ್ಲ ‘ಹೌದ್ರಿ, ಹೌದ್ರಿ’ ಅನ್ನುವುದರಲ್ಲಿ ನಿಮ್ಮ ಮೊದಲ ವಾರ ಕಳೆದುಹೋಗುತ್ತದೆ.

ಸುರಪುರಕ್ಕೆ ಅಂಟಿಕೊಂಡಂತಿರುವ ರಂಗಂಪೇಟೆಯಲ್ಲಿ ಯಾರ ಮನೆಗೆ ಫ್ರಿಜ್ ಬರಲಿ, ಸೊಸೆ ಬರಲಿ, ಎತ್ತು ಬರಲಿ, ಹೋಗಿ ನೋಡಿ ಬರುವುದು ರಿವಾಜು. ನೋಡಿದ ಮೇಲೆ ಒಂದು ಮಾತೂ ಹೇಳದೆ ಎದ್ದು ಬಂದರೆ ಮನೆಯವರಿಗೆ ಅವಮಾನ ಮಾಡಿದ ಹಾಗೆ. 1840ರ ದಶಕದಲ್ಲಿ ಬಾಲರಾಜ ವೆಂಕಟಪ್ಪ ನಾಯಕನ ಪರವಾಗಿ ಸಂಸ್ಥಾನದ ಕಾರಭಾರ ನೋಡಿಕೊಳ್ಳಲು ಬಂದ ಮೆಡೋಸ್ ಟೇಲರ್ ಸಾಹೇಬ ಸುರಪುರದ ಗುಡ್ಡದ ಮೇಲೆ ಬಂಗಲೆ ಕಟ್ಟಿಸಿಕೊಂಡ. ಟೇಲರ್ ಮಂಜಿಲ್ ಇವತ್ತಿಗೂ ಅಲ್ಲೇ ಇದೆ. ತಂಪು ಗಾಳಿಗಾಗಿ ಅಷ್ಟು ಮೇಲೆ ಕಟ್ಟಿದ ಎಂದು ನೀವು ತಿಳಿದಿರಬಹುದು. ಈ ಊರಿನಲ್ಲಿ ಹೊಸ ನಾಯಿ ತಂದವರಿಗೆ ಬೇರೆ ಕಾರಣ ಹೊಳೆಯುತ್ತದೆ.

ಮಾದರಿಯ ಆಯ್ಕೆ

ಬೆಂಗಳೂರಿನಲ್ಲಿ ಓದುವ ಮಕ್ಕಳಿರುವ ಮನೆಗಳಿಗೆ ಇದು ಮೊದಲ ಎಚ್ಚರಿಕೆ. ಮಗ ಫೋನಿನಲ್ಲಿ ಬೂದು ಬಣ್ಣದ, ಅಗಲ ಕಿವಿಯ, ಇಲಿಯೋ ಮೊಲವೋ ತಿಳಿಯದ ಒಂದು ಪ್ರಾಣಿಯ ವಿಡಿಯೋ ಕಳಿಸಿ ‘ಅಪ್ಪಾ, ಇದನ್ನ ಸಾಕೋಣ’ ಅನ್ನಬಹುದು. ಅದರ ಹೆಸರು ಚಿಂಚಿಲ್ಲಾ. ದಕ್ಷಿಣ ಅಮೆರಿಕದ ಆಂಡಿಸ್ ಬೆಟ್ಟಗಳ ಚಳಿಯಲ್ಲಿ ಹುಟ್ಟಿ ಬೆಳೆದ ಜೀವ. ಒಂದೊಂದು ರೋಮಕೂಪದಿಂದ ಐವತ್ತಕ್ಕೂ ಹೆಚ್ಚು ಕೂದಲು ಹೊರಡುವಷ್ಟು ದಟ್ಟ ತುಪ್ಪಳ. ಆ ತುಪ್ಪಳಕ್ಕೆ ಆಸೆಪಟ್ಟೇ ಮನುಷ್ಯರು ಅದನ್ನು ಕಾಡಿನಲ್ಲಿ ಅಳಿವಿನ ಅಂಚಿಗೆ ತಂದರು. 15ರಿಂದ 20 ಡಿಗ್ರಿ ಅದಕ್ಕೆ ಹಿತ. 25 ದಾಟಿತೆಂದರೆ ಏದುಸಿರು, ಮುಂದೆ ಸಾವು.

ರಂಗಂಪೇಟೆಯಲ್ಲಿ ಬೇಸಿಗೆಯ ಹಗಲು 40 ಡಿಗ್ರಿ ದಾಟುತ್ತದೆ. ಸುತ್ತಲಿನ ಬಂಡೆಗುಡ್ಡಗಳು ಹಗಲು ಕುಡಿದ ಬಿಸಿಲನ್ನು ನಡುರಾತ್ರಿಯವರೆಗೂ ಕಾರುತ್ತಿರುತ್ತವೆ. 1923ರಲ್ಲಿ ಮಥಾಯಸ್ ಚಾಪ್‌ಮನ್ ಎಂಬ ಗಣಿ ಎಂಜಿನಿಯರು ಚಿಲಿ ದೇಶದಿಂದ ಹತ್ತು ಹನ್ನೆರಡು ಚಿಂಚಿಲ್ಲಾಗಳನ್ನು ಕ್ಯಾಲಿಫೋರ್ನಿಯಾಕ್ಕೆ ಒಯ್ದ. ಬೆಟ್ಟದಿಂದ ತಿಂಗಳುಗಟ್ಟಲೆ ಹಂತ ಹಂತವಾಗಿ ಇಳಿಸಿ ಕೆಳಗಿನ ಹವೆಗೆ ರೂಢಿ ಮಾಡಿಸಿದ, ಹಡಗಿನಲ್ಲಿ ಐಸ್ ಇಟ್ಟು ಕಾಪಾಡಿದ. ನೀವು ಸುರಪುರ ಬಸ್ ಸ್ಟ್ಯಾಂಡಿನಿಂದ ಶೇರ್ ಆಟೋದಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಬರುವವರು. ಒಂದು ವಿಷಯದಲ್ಲಿ ಮಾತ್ರ ನಮ್ಮೂರು ಅದಕ್ಕೆ ಹೇಳಿ ಮಾಡಿಸಿದ್ದು: ಅದು ನೀರಿನಲ್ಲಿ ಮೀಯುವುದಿಲ್ಲ, ನುಣುಪು ಧೂಳಿನಲ್ಲಿ ಹೊರಳಿ ಮೈ ಶುದ್ಧ ಮಾಡಿಕೊಳ್ಳುತ್ತದೆ. ಧೂಳು ನಾವು ಎಷ್ಟು ಬೇಕಾದರೂ ಒದಗಿಸಬಲ್ಲೆವು. ಆದರೆ ಮೇ ತಿಂಗಳ ಮಧ್ಯಾಹ್ನ ಕರೆಂಟು ಹೋಗಿ ಏಸಿ ನಿಂತರೆ ಧೂಳು ಇಟ್ಟುಕೊಂಡು ಏನು ಮಾಡುತ್ತೀರಿ? ಮಗನಿಗೆ ಬೇಡ ಅನ್ನಿ. ಮುನಿಸಿಕೊಂಡರೆ ಮುಧೋಳಕ್ಕೆ ಹೊರಡಿ.

ಪೆಟ್ಟಿಗೆಯಲ್ಲಿ ಏನೇನಿದೆ

ಒಂದು ಮುಧೋಳ ನಾಯಿಮರಿ. ನಾಲ್ಕು ಉದ್ದ ಕಾಲು, ಒಂದು ಉದ್ದ ಮೂತಿ, ಆಳವಾದ ಎದೆಗೂಡು, ಇದೆಯೋ ಇಲ್ಲವೋ ಎನ್ನುವಷ್ಟು ಹೊಟ್ಟೆ. ಮೈಮೇಲೆ ಗಿಡ್ಡ ಕೂದಲು, ನಮ್ಮ ಬಿಸಿಲಿಗೆ ತಕ್ಕದ್ದು. ವಾಸನೆಗಿಂತ ಕಣ್ಣಿನ ಮೇಲೆ ಭರವಸೆ ಇಟ್ಟು ಓಡುವ ಬೇಟೆನಾಯಿಯ ಜಾತಿ ಇದು. ಮುಧೋಳ ಸಂಸ್ಥಾನದ ಘೋರ್ಪಡೆ ರಾಜ ಮಾಲೋಜಿರಾವ್ ಇಂಗ್ಲೆಂಡಿನ ಐದನೇ ಜಾರ್ಜ್ ದೊರೆಗೆ ಒಂದು ಜೋಡಿಯನ್ನು ಕಾಣಿಕೆ ಕೊಟ್ಟದ್ದರಿಂದ ಇದರ ಹೆಸರು ಸಮುದ್ರ ದಾಟಿತು. 2005ರಲ್ಲಿ ಅಂಚೆ ಇಲಾಖೆ ದೇಶಿ ನಾಯಿಗಳ ಚೀಟಿ ಹೊರಡಿಸಿದಾಗ ಅದರಲ್ಲಿ ಮುಧೋಳವೂ ಇತ್ತು. 2016ರ ಸುಮಾರಿಗೆ ಸೈನ್ಯದವರು ತರಬೇತಿಗೆಂದು ಮರಿಗಳನ್ನು ಮೀರತ್‌ಗೆ ಒಯ್ದರು. ಈ ಮಾಹಿತಿಯನ್ನೆಲ್ಲ ಬಾಯಿಪಾಠ ಮಾಡಿಕೊಳ್ಳಿ. ‘ಬೀದಿ ನಾಯಿಗೂ ಇದಕ್ಕೂ ಏನ್ರಿ ಫರಕು?’ ಎಂದು ಕೇಳುವವರು ದಿನಕ್ಕೊಬ್ಬರು ಬರುತ್ತಾರೆ.

ಮರಿಯನ್ನು ಎಲ್ಲಿಂದ ತಂದಿರಿ ಎಂದು ಕೇಳಿದಾಗ ಉತ್ತರ ಎಚ್ಚರದಿಂದ ಕೊಡಿ. ಬೀದರ್‌ನ ಪಶುವೈದ್ಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನೆ ಮತ್ತು ಮಾಹಿತಿ ಕೇಂದ್ರ ಇರುವುದು ಮುಧೋಳದ ಹತ್ತಿರದ ತಿಮ್ಮಾಪುರದಲ್ಲಿ. ರಂಗಂಪೇಟೆಯ ಮಗ್ಗುಲಲ್ಲೇ ನಮ್ಮದೂ ಒಂದು ತಿಮ್ಮಾಪುರ ಇದೆ. ‘ತಿಮ್ಮಾಪುರದಿಂದ ತಂದೆ’ ಎಂದಿರೋ, ‘ಅಯ್ಯ, ನಮ್ಮ ಓಣಿ ಹಿಂದಿಂದೇ ತಂದು ಇಷ್ಟು ರೊಕ್ಕ ಕೊಟ್ಟೀರೇನ್ರಿ!’ ಎಂದು ಸಂಜೆಯೊಳಗೆ ಊರೆಲ್ಲ ಸುದ್ದಿಯಾಗುತ್ತದೆ.

ಖರೀದಿಯ ಬಗ್ಗೆ ಒಂದೇ ಮಾತು. 2017ರ ನಾಯಿ ಸಾಕಣೆ ಮತ್ತು ಮಾರಾಟದ ನಿಯಮಗಳ ಪ್ರಕಾರ ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ‘ಸಣ್ಣದು ಇದ್ದಾಗ ಒಯ್ದರೆ ನಿಮ್ಮನ್ನೇ ತಾಯಿ ಅಂತ ತಿಳ್ಕೊಂತದ’ ಎನ್ನುವವನು ಮಾರುವವನು, ತಾಯಿಯಲ್ಲ. ಆ ಎಂಟು ವಾರದಲ್ಲಿ ಮರಿ ತಾಯಿಯಿಂದಲೂ ಒಡಹುಟ್ಟಿದವರಿಂದಲೂ ಕಲಿಯುವ ಮುಖ್ಯ ಪಾಠ ಎಷ್ಟು ಗಟ್ಟಿ ಕಚ್ಚಿದರೆ ಎದುರಿನವರು ಕಿರುಚುತ್ತಾರೆ ಎನ್ನುವುದು. ಆ ಪಾಠ ತಪ್ಪಿದ ಮರಿ ಅದನ್ನು ನಿಮ್ಮ ಕೈಮೇಲೆ ಕಲಿಯುತ್ತದೆ.

ಅಳವಡಿಕೆ

ಲಿಂಗಸುಗೂರು ದಾಟಿ, ತಿಂಥಣಿ ಬ್ರಿಜ್ ಮೇಲೆ ಕೃಷ್ಣೆಯನ್ನು ಹಾದು ಬಂದ ಮರಿಗೆ ಎರಡು ಸಲವಾದರೂ ವಾಂತಿಯಾಗಿರುತ್ತದೆ. ಮನೆ ಮುಟ್ಟಿದ ಕೂಡಲೇ ಆರತಿ, ಫೋಟೋ, ಪೇಡೆ ಬೇಡ. ಪಡಸಾಲೆಯ ಒಂದು ಮೂಲೆಯಲ್ಲಿ ಗೋಣಿತಟ್ಟು ಹಾಸಿ, ಅದರ ಮೇಲೆ ಹಳೆಯ ಕೌದಿ ಹಾಕಿ, ಪಕ್ಕದಲ್ಲಿ ನೀರಿನ ಬೋಗುಣಿ ಇಡಿ. ನಿಮ್ಮ ಕೆಲಸ ಮುಗಿಯಿತು. ಉಳಿದದ್ದು ಮರಿಯ ಕೆಲಸ. ಮೂಲೆ ಮೂಲೆ ಮೂಸುವುದು, ಯಾರು ಕೂಗಾಡುತ್ತಾರೆ, ಯಾರು ರೊಟ್ಟಿ ಬಡಿಯುತ್ತಾರೆ, ಯಾರ ಚಪ್ಪಲಿ ಮೆತ್ತಗಿದೆ ಎಂದು ಲೆಕ್ಕ ಹಾಕುವುದು. ಈ ಲೆಕ್ಕಕ್ಕೆ ಕೆಲವಕ್ಕೆ ಒಂದು ದಿನ ಸಾಕು, ಕೆಲವಕ್ಕೆ ವಾರ ಬೇಕು.

ಮುಧೋಳ ನಾಯಿಗೆ ಅಪರಿಚಿತರ ಕೈ ಮೈಮೇಲೆ ಬಂದರೆ ಆಗಿಬರುವುದಿಲ್ಲ. ಇದು ಜಾತಿಯ ಗುಣ, ಸೊಕ್ಕಲ್ಲ. ನಮ್ಮ ಜನಕ್ಕೋ ಕೈ ಹಾಕದೆ ನೋಡಿದರೆ ನೋಡಿದ ಹಾಗೆ ಅನ್ನಿಸುವುದಿಲ್ಲ. ಹಣ್ಣಿನ ಅಂಗಡಿಯಲ್ಲಿ ಮಾವು ಒತ್ತಿ ನೋಡಿದಂತೆ ಮರಿಯ ಪಕ್ಕೆಲುಬು ಒತ್ತಿ ನೋಡುತ್ತಾರೆ. ಬಾಗಿಲಲ್ಲೇ ತಡೆಯಿರಿ. ‘ಇನ್ನೂ ಸೂಜಿ ಆಗಿಲ್ರಿ, ಮುಟ್ಟಬ್ಯಾಡಂತ ಡಾಕ್ಟರ್ ಹೇಳ್ಯಾರ್ರಿ’ ಅನ್ನಿ. ನಮ್ಮಲ್ಲಿ ಡಾಕ್ಟರ ಹೆಸರಿಗೆ ಹೆದರುವಷ್ಟು ನಾಯಿಗೂ ಹೆದರುವುದಿಲ್ಲ. ಮಾತು ಸುಳ್ಳೂ ಅಲ್ಲ. ಪಾರ್ವೋ ಎನ್ನುವ ರೋಗದ ವೈರಾಣು ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ, ಇನ್ನೊಂದು ನಾಯಿಯ ಅಂಗಳ ತುಳಿದು ಬಂದ ಚಪ್ಪಲಿಗೆ ಹತ್ತಿ ಒಳಗೆ ಬರುತ್ತದೆ, ರಕ್ತಭೇದಿ ಹಚ್ಚಿ ಮರಿಯನ್ನು ಎರಡು ಮೂರು ದಿನದಲ್ಲಿ ಮುಗಿಸಿಬಿಡಬಲ್ಲದು. ಆರರಿಂದ ಎಂಟು ವಾರದ ಪ್ರಾಯದಲ್ಲಿ ಮೊದಲ ಸೂಜಿ, ಆಮೇಲೆ ಮೂರು ನಾಲ್ಕು ವಾರಕ್ಕೊಮ್ಮೆ ಹದಿನಾರು ವಾರ ತುಂಬುವವರೆಗೆ ಮತ್ತೆ ಮತ್ತೆ. ಜಂತಿನ ಔಷಧಿ ಮೂರು ತಿಂಗಳ ತನಕ ಹದಿನೈದು ದಿನಕ್ಕೊಮ್ಮೆ.

ಹೆಸರಿಡುವಾಗ ಓಣಿಯ ಮಕ್ಕಳ ಪಟ್ಟಿ ತರಿಸಿಕೊಂಡು ನೋಡಿ. ಚಿನ್ನು, ಪಿಂಟು, ಮುತ್ತು, ಅಪ್ಪು ಎಲ್ಲ ಆಗಲೇ ಬೇರೆಯವರ ಪಾಲಾಗಿವೆ. ಸಂಜೆ ನೀವು ‘ಏ ಪಿಂಟು, ಉಚ್ಚಿ ಮಾಡು’ ಎಂದು ಕೂಗಿದರೆ ಪಕ್ಕದ ಮನೆಯ ಅಕ್ಕ ಬಾಗಿಲಿಗೆ ಬಂದು ನಿಲ್ಲುತ್ತಾಳೆ.

ಸಲಹೆಗಾರರ ನಿರ್ವಹಣೆ

ಕೈಪಿಡಿಯ ಮುಖ್ಯ ಭಾಗ ಇದು. ಪೆನ್ಸಿಲ್ ಹಿಡಿದು ಓದಿ.

ದೊಡ್ಡ ಊರುಗಳಲ್ಲಿ ನಾಯಿ ಸಾಕಿದವರಿಗೆ ನಾಯಿ ಸಾಕಿದವರೇ ಸಲಹೆ ಕೊಡುತ್ತಾರೆ. ರಂಗಂಪೇಟೆಯಲ್ಲಿ ಹಾಗಿಲ್ಲ. ಎತ್ತು ಸಾಕಿದವರು, ಟಗರು ಸಾಕಿದವರು, ಆಡು, ಕೋಳಿ, ಪಾರಿವಾಳ ಸಾಕಿದವರು, ಎಲ್ಲರೂ ಹಕ್ಕುದಾರರು. ಪ್ರತಿಯೊಬ್ಬರೂ ನಿಮ್ಮ ಮರಿಯಲ್ಲಿ ತಮ್ಮ ಪ್ರಾಣಿಯನ್ನೇ ಕಾಣುತ್ತಾರೆ. ಇಷ್ಟು ತಿಳಿದರೆ ಅರ್ಧ ತಲೆನೋವು ಇಳಿಯುತ್ತದೆ.

ಎತ್ತಿನ ಕಾಕಾ ಬಂದವರೇ ಮರಿಯನ್ನು ಬೆಳಕಿಗೆ ತಿರುಗಿಸಿ ಬೆನ್ನು ಸವರುತ್ತಾರೆ. ‘ಸುಳಿ ನೋಡೀರೇನೋ ತಮ್ಮಾ? ಸುಳಿ ಸುದ್ದ ಇರ್ಲಿಲ್ಲಂದ್ರ ಮನಿಗಿ ಆಗಿಬರಂಗಿಲ್ಲ.’ ಆಮೇಲೆ ಬಾಯಿ ತೆರೆಸಿ ಹಲ್ಲು ಎಣಿಸುತ್ತಾರೆ. ವಾದಕ್ಕೆ ಇಳಿಯಬೇಡಿ. ಎತ್ತಿನ ಸಂತೆಯಲ್ಲಿ ಕೂದಲು ಬೆಳ್ಳಗೆ ಮಾಡಿಕೊಂಡ ಮನುಷ್ಯ, ಸುಳಿಯ ವಿಷಯದಲ್ಲಿ ನೀವು ಗೆಲ್ಲುವುದಿಲ್ಲ. ಕೇಳಬೇಕಾದದ್ದು ಒಂದೇ ಪ್ರಶ್ನೆ: ‘ಅದಿರ್ಲಿ ಕಾಕಾ, ನಿಮ್ಮ ಬಲಗಡಿ ಎತ್ತು ಹೆಂಗದ ಈಗ?’ ಕಾಕಾ ಮರಿಯನ್ನು ಕೆಳಗಿಟ್ಟು, ಗೋಡೆಗೆ ಒರಗಿ, ಆ ಎತ್ತಿನ ಕಾಲುನೋವು, ಅದಕ್ಕೆ ಹಾಕಿಸಿದ ಲಾಳ, ಅದರ ಅಜ್ಜನ ಕಾಲದ ಗಳೇವು, ಎಲ್ಲವನ್ನೂ ಹೇಳಿ ಎದ್ದು ಹೋಗುತ್ತಾರೆ. ಈ ಪ್ರಶ್ನೆ ಎಲ್ಲ ಸಲಹೆಗಾರರಿಗೂ ಅನ್ವಯಿಸುತ್ತದೆ. ಪ್ರಾಣಿಯ ಹೆಸರು ಮಾತ್ರ ಬದಲಾಯಿಸಿಕೊಳ್ಳಿ.

ಟಗರಿನ ಹುಡುಗನ ಸಲಹೆ ಕೇಳಲು ಚೆಂದ, ಪಾಲಿಸಲು ಕೆಟ್ಟದ್ದು. ‘ಅಣ್ಣಾ, ಹುರುಳಿ ನೆನಸಿ ಹಾಕು, ದಿನಾ ನಾಕು ತತ್ತಿ ಹಾಕು, ಗಾಡಿಗಿ ಹಗ್ಗ ಕಟ್ಟಿ ಕೆರಿ ತನಕ ಓಡಸು. ತಿಂಗಳದಾಗ ನೋಡು, ಎದಿ ಹೆಂಗ್ ಬಿಚ್ಚತದ.’ ಒಂದು ವರ್ಷ ತುಂಬುವವರೆಗೆ ಈ ಜಾತಿಯ ಮರಿಯ ಎಲುಬಿನ ತುದಿಗಳು ಇನ್ನೂ ಎಳಸು. ಗಾಡಿಯ ಹಿಂದೆ ಓಡಿಸಿದರೆ ಎದೆ ಬಿಚ್ಚುವ ಮೊದಲು ಕಾಲು ಸೊಟ್ಟಗಾಗುತ್ತದೆ. ಬಯಲಿನಲ್ಲಿ ಬಿಟ್ಟರೆ ತನಗೆ ಬೇಕಾದಷ್ಟು ಓಡಿ, ಸಾಕಾದಾಗ ತಾನೇ ಬಂದು ಬೀಳುತ್ತದೆ. ಅದೇ ವ್ಯಾಯಾಮ. ಹುಡುಗನಿಗೆ ಟಗರಿನ ಕೋಡಿಗೆ ಯಾವ ಎಣ್ಣೆ ಹಚ್ಚುತ್ತಿ ಎಂದು ಕೇಳಿ.

ಆಡು ಸಾಕಿದ ಯವ್ವ ಕರಿದಾರ ತರುತ್ತಾಳೆ. ಊರವರ ದೃಷ್ಟಿ ಆಗುತ್ತದೆ, ಕೊರಳಿಗೆ ಕಟ್ಟು ಎನ್ನುತ್ತಾಳೆ. ಕಟ್ಟಿಸಿಕೊಳ್ಳಿ. ಇದರಿಂದ ಕೆಡುಕಿಲ್ಲ, ಯವ್ವನ ಮನಸ್ಸಿಗೂ ಸಮಾಧಾನ. ಮರಿ ವಾರಕ್ಕೆ ವಾರಕ್ಕೆ ಬೆಳೆಯುತ್ತದೆ, ದಾರ ಬೆಳೆಯುವುದಿಲ್ಲ. ಆದ್ದರಿಂದ ಎರಡು ಬೆರಳು ಆಡುವಷ್ಟು ಸಡಿಲ ಇದೆಯೋ ಎಂದು ನೋಡುತ್ತಿರಿ. ಅವಳ ಇನ್ನೊಂದು ಸಲಹೆ, ರೊಟ್ಟಿಯನ್ನು ಹಾಲಿನಲ್ಲಿ ಹಿಚುಕಿ ಹಾಕುವುದು, ಕೇಳುವಂಥದ್ದೇ. ಬರೀ ಹಾಲು ಹೊಟ್ಟೆ ಕೆಡಿಸುತ್ತದೆ. ಜೋಳದ ರೊಟ್ಟಿ, ಸ್ವಲ್ಪ ಹಾಲು, ಬೇಯಿಸಿದ ತತ್ತಿ, ಸಿಕ್ಕ ದಿನ ಎಲುಬು ಬಿಡಿಸಿದ ಕೋಳಿ, ಇದರಲ್ಲಿ ಮುಧೋಳ ಸೀಮೆಯ ಎಷ್ಟೋ ನಾಯಿಗಳು ಬೆಳೆದಿವೆ. ಬೆಂದ ಕೋಳಿ ಎಲುಬು ಚೂಪಾಗಿ ಸೀಳಿ ಕರುಳಿಗೆ ಚುಚ್ಚುತ್ತದೆ. ಉಳ್ಳಾಗಡ್ಡಿ, ಬೆಳ್ಳುಳ್ಳಿ, ಒಣದ್ರಾಕ್ಷಿ, ಚಾಕೊಲೇಟ್ ನಾಯಿಗೆ ವಿಷ. ಅಂದರೆ ನಮ್ಮ ಪಲ್ಯವೂ ಇಲ್ಲ, ಹಬ್ಬದ ಪಾಯಸವೂ ಇಲ್ಲ.

ಹಿಂದೆ ಎಂದೋ ಪಾಮೇರಿಯನ್ ಸಾಕಿದ್ದ ನಿವೃತ್ತ ನೌಕರರು ಒಬ್ಬರಾದರೂ ಇರುತ್ತಾರೆ. ಅವರ ಪ್ರಕಾರ ದಿನಾ ಶಾಂಪೂ, ಪೌಡರು, ಚಳಿಗೆ ಸ್ವೆಟರು, ಕ್ಯಾಲ್ಸಿಯಂ ಬಾಟಲಿ. ಸ್ವೆಟರು ಪರವಾಗಿಲ್ಲ, ಡಿಸೆಂಬರಿನಲ್ಲಿ ಈ ತೆಳುಮೈ ನಾಯಿ ನಿಜವಾಗಿಯೂ ನಡುಗುತ್ತದೆ. ಕ್ಯಾಲ್ಸಿಯಂ ಮಾತ್ರ ಡಾಕ್ಟರು ಹೇಳದೆ ಹಾಕಬೇಡಿ, ಬೆಳೆಯುವ ಎಲುಬಿಗೆ ಹೆಚ್ಚಾದರೂ ಕೇಡು. ವಿಡಿಯೋ ನೋಡಿ ಕಲಿತ ಅಳಿಯನ ಬಗ್ಗೆ ಬರೆಯುವಷ್ಟು ಇಲ್ಲ. ಅವನು ಹೇಳುವ ಊಟದ ಪೊಟ್ಟಣ ಸುರಪುರದಲ್ಲಿ ಸಿಗುವುದಿಲ್ಲ.

ಇನ್ನು ಕುರಿ ಕಾಯುವವನು. ಇವನು ಸಲಹೆ ಕೊಡಲು ಬರುವುದಿಲ್ಲ. ಕುರಿ ಹೊಡೆದುಕೊಂಡು ಹೋಗುವಾಗ ನೀವೇ ಕರೆಯಬೇಕು. ಬಾಗಿಲಾಚೆಯೇ ನಿಂತು, ಕೋಲಿನ ಮೇಲೆ ಗದ್ದ ಊರಿ, ಮರಿಯನ್ನು ಕಣ್ಣಿಂದಷ್ಟೇ ನೋಡಿ, ‘ಹೊಸಾ ಜಾಗ ಅದ. ವಾಸ್ನಿ ಹಿಡೀಲಿ. ನೀರು ಇಡ್ರಿ, ಸುಮ್ ಬಿಡ್ರಿ’ ಎನ್ನುತ್ತಾನೆ. ಚಹಾ ಕೊಟ್ಟರೆ ನಿಂತೇ ಕುಡಿದು ಹೋಗುತ್ತಾನೆ. ಅವನ ಜೊತೆಗಿರುವ ನಾಯಿಯನ್ನು ಒಮ್ಮೆ ನೋಡಿ. ಬೈಯದೆ, ಹೊಡೆಯದೆ, ಒಂದು ಸೀಟಿಗೆ ತಿರುಗಿ ಬರುತ್ತದೆ. ಯಾರ ಮಾತು ಕೇಳಬೇಕು ಎಂದು ಗೊಂದಲವಾದಾಗ ಮಾತು ಬಿಟ್ಟು ಅವರವರ ಪ್ರಾಣಿಯ ಮೈ ನೋಡುವುದು ಒಳ್ಳೆಯ ಅಳತೆ. ಈ ಅಳತೆಯಲ್ಲಿ ನಮ್ಮ ಕಟ್ಟೆಯ ಪಂಡಿತರು ಬಹಳ ಮಂದಿ ಫೇಲಾಗುತ್ತಾರೆ.

ಕೊಲ್ಲುವ ಸಲಹೆಗಳು

ನಗುವ ವಿಷಯವಲ್ಲದ್ದರಿಂದ ಈ ಭಾಗ ನೇರವಾಗಿದೆ.

ತುರಿಕಜ್ಜಿಗೆ ಗ್ಯಾರೇಜಿನ ಸುಟ್ಟ ಆಯಿಲ್ ಹಚ್ಚಿ ಎಂದು ನೀವು ಖಂಡಿತ ಕೇಳುತ್ತೀರಿ. ನಾಯಿ ಮೈ ನೆಕ್ಕುತ್ತದೆ, ಆಯಿಲ್ ಹೊಟ್ಟೆಗೆ ಹೋಗುತ್ತದೆ, ಚರ್ಮವೂ ಸುಡುತ್ತದೆ. ಕಜ್ಜಿ ಒಣಗುವ ಮೊದಲು ನಾಯಿಯೇ ಹೋಗಬಹುದು. ಉಣ್ಣೆ ಹತ್ತಿದರೆ ಸೀಮೆಎಣ್ಣೆ ಎನ್ನುವುದೂ ಇದೇ ಜಾತಿ. ಉಣ್ಣೆಯಿಂದ ಬರುವ ಜ್ವರ ನಮ್ಮ ಸೀಮೆಯಲ್ಲಿ ಬೇಕಾದಷ್ಟು ನಾಯಿಗಳನ್ನು ತಿನ್ನುತ್ತದೆ. ಅದಕ್ಕೆ ಔಷಧಿ ಇದೆ, ಡಾಕ್ಟರಲ್ಲಿ ಕೇಳಿ. ಭೇದಿಯಾದ ಮರಿಗೆ ಹೊಟ್ಟೆಯ ಮೇಲೆ ಬರೆ ಹಾಕಿಸಿ ಎನ್ನುವವರನ್ನು ಎತ್ತಿನ ಪ್ರಶ್ನೆ ಕೇಳಿ ಸಾಗಹಾಕಬೇಡಿ. ಎದ್ದು ನಿಂತು ಬೇಡ ಎನ್ನಿ. ಕಿವಿ ಕತ್ತರಿಸಿದರೆ ಸಿಟ್ಟು ಬರುತ್ತದೆ, ಬಾಲ ಕತ್ತರಿಸಿದರೆ ಓಟ ಬರುತ್ತದೆ ಎನ್ನುವವರಿಗೂ ಅದೇ ಉತ್ತರ. ಪ್ರಾಣಿಯ ಅಂಗ ಊನ ಮಾಡುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ಅಪರಾಧ. ಬಾಲದ ವಿಷಯಕ್ಕೆ ಹೇಳುವುದಾದರೆ, ಓಡುವಾಗ ತಟ್ಟನೆ ತಿರುಗಲು ಈ ನಾಯಿಗೆ ಬಾಲವೇ ಚುಕ್ಕಾಣಿ.

ಬೇಟೆಯ ಸಲಹೆ ಸ್ವಲ್ಪ ಸೂಕ್ಷ್ಮದ್ದು. ಇದು ಬೇಡರ ನಾಡು. ಸುರಪುರದ ನಾಯಕರ ಕಾಲದಿಂದ ಈ ಗುಡ್ಡಗಳಲ್ಲಿ ಬೇಟೆ ನಡೆದಿದೆ. ಮುಧೋಳ ಸೀಮೆಯೂ ಬೇಡರಿಗೆ ದೂರದ್ದಲ್ಲ. 1857ರಲ್ಲಿ ಹತಾರು ಒಪ್ಪಿಸಲಾರೆವೆಂದು ಬ್ರಿಟಿಷರಿಗೆ ತಿರುಗಿಬಿದ್ದ ಹಲಗಲಿ ಅಲ್ಲಿಯದೇ ಊರು, ಮುಂದಿನ ವರ್ಷ ಅದೇ ಬ್ರಿಟಿಷರ ಎದುರು ನಿಂತು ಸೋತವನು ಟೇಲರ್ ಕಣ್ಣೆದುರು ಬೆಳೆದ ನಮ್ಮ ವೆಂಕಟಪ್ಪ ನಾಯಕ. ಇಂಥ ನೆಲದಲ್ಲಿ ಇಂಥ ನಾಯಿ ಕಂಡರೆ ಹಿರಿಯರಿಗೆ ರಕ್ತ ಬಿಸಿಯಾಗುವುದು ಸಹಜ. ‘ಒಂದು ಸಲ ಮೊಲದ ಹಿಂದ ಬಿಟ್ಟು ನೋಡ್ರಿ’ ಅನ್ನುತ್ತಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಮೊಲಕ್ಕೆ ರಕ್ಷಣೆ ಇದೆ. ಬಂದೂಕು ಬೇಡ, ನಾಯಿ ಬಿಟ್ಟು ಅಟ್ಟಿಸಿದರೂ ಆ ಕಾಯ್ದೆಯ ಲೆಕ್ಕಕ್ಕೆ ಅದು ಬೇಟೆಯೇ. ಹಿರಿಯರಿಗೆ ಕಾನೂನಿನ ಪಾಠ ಹೇಳಲು ಹೋಗಬೇಡಿ. ಅವರು ಹುಡುಗರಿದ್ದಾಗ ಕಂಡ ಬೇಟೆಯ ಕತೆ ಕೇಳಿ. ಬಲೆ ಹೇಗೆ ಹಾಕುತ್ತಿದ್ದರು, ಗಾಳಿ ಯಾವ ಕಡೆ ಎಂದು ಹೇಗೆ ತಿಳಿಯುತ್ತಿದ್ದರು, ಎಲ್ಲ ಅವರ ನಾಲಿಗೆಯ ಮೇಲಿದೆ. ಬರೆದಿಡಬೇಕಾದ ವಿದ್ಯೆ ಅದು. ನಾಯಿ ನಿಮ್ಮ ಕಾಲ ಬುಡದಲ್ಲಿ ಮಲಗಿರಲಿ.

ದೋಷ ನಿವಾರಣೆ

ರಾತ್ರಿ ಅಳುತ್ತದೆ. ಹೊಸದರಲ್ಲಿ ಅಳದ ಮರಿಯಿಲ್ಲ. ಕೂಗಿದಾಗಲೆಲ್ಲ ಎತ್ತಿಕೊಳ್ಳುವುದೂ ಬೇಡ, ಕತ್ತಲಲ್ಲಿ ಒಂಟಿಯಾಗಿ ಕೂಡಿಹಾಕುವುದೂ ಬೇಡ. ಅದರ ತಟ್ಟನ್ನು ನಿಮ್ಮ ಹಾಸಿಗೆ ಕಾಣುವ ಕಡೆ ಎಳೆಯಿರಿ. ಬೆಳಗ್ಗೆ ಓಣಿಯವರು ‘ರಾತ್ರಿಯೆಲ್ಲ ಅಳ್ತಿತ್ತಲ್ರಿ, ಅಪಶಕುನ’ ಎಂದರೆ, ಅವರ ಮೊಮ್ಮಗ ಹುಟ್ಟಿದಾಗ ಎಷ್ಟು ತಿಂಗಳು ಅತ್ತ ಎಂದು ಕೇಳಿ.

ಮೈ ಬಿಸಿಯಾಗಿದೆ. ನಾಯಿಯ ಸಹಜ ಉಷ್ಣತೆಯೇ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. ಮುಟ್ಟಿದವರಿಗೆಲ್ಲ ಜ್ವರ ಅನ್ನಿಸುತ್ತದೆ. ಥರ್ಮಾಮೀಟರ್ ಇಟ್ಟು ನೋಡದೆ ಗುಳಿಗೆ ನುಂಗಿಸಬೇಡಿ. ಮನುಷ್ಯರ ಜ್ವರದ ಗುಳಿಗೆಗಳು ನಾಯಿಯ ಪಿತ್ತಜನಕಾಂಗವನ್ನೂ ಮೂತ್ರಪಿಂಡವನ್ನೂ ಕೆಡಿಸಬಲ್ಲವು.

ಬೊಗಳುವುದಿಲ್ಲ. ಕೆಟ್ಟಿಲ್ಲ. ಮುಧೋಳ ನಾಯಿಗೆ ಮಾತು ಕಡಿಮೆ. ಓಣಿಯಲ್ಲಿ ಅದೊಂದಾದರೂ ಹಾಗಿರಲಿ.

ಸಣಕಲಾಗಿದೆ. ಈ ದೂರು ನಿಮ್ಮನ್ನು ನಾಯಿ ಇರುವಷ್ಟು ಕಾಲವೂ ಬಿಡುವುದಿಲ್ಲ. ದೊಡ್ಡದಾದ ಮೇಲೆ ಎರಡಡಿಗಿಂತ ಎತ್ತರ ನಿಂತರೂ ತೂಕ ಮೂವತ್ತು ಕಿಲೋ ಮುಟ್ಟದು. ಹಿಂದಿನ ಎರಡು ಮೂರು ಪಕ್ಕೆಲುಬು ಎಣಿಸಲು ಸಿಗುವುದು, ಸೊಂಟದ ಎಲುಬು ನಸುವಾಗಿ ಕಾಣುವುದು ಈ ಜಾತಿಯ ಲಕ್ಷಣ. ಹೋಟೆಲಿನಲ್ಲಿ ಒಗ್ಗರಣಿ ಮಿರ್ಚಿ ತಿನ್ನುತ್ತ ಕೂತವರು ಕೂಗಿ ಕೇಳುತ್ತಾರೆ: ‘ಮಾಸ್ತರ್ರೆ, ನೀವಷ್ಟೇ ಉಣ್ತೀರೇನು, ನಾಯಿಗಿ ಏನೂ ಹಾಕಂಗಿಲ್ಲೇನು?’ ಅಂಚೆ ಚೀಟಿ ತೆಗೆದು ತೋರಿಸಿ. ಅದರಲ್ಲಿರುವ ನಾಯಿಯೂ ಸಣಕಲೇ. ‘ಅಂಚಿ ಇಲಾಖಿಯವ್ರೂ ಉಪಾಸ ಕೆಡವ್ಯಾರೇನು?’ ಎಂದು ಕೇಳುವವನು ಸಿಕ್ಕರೆ ನಕ್ಕು ಮುಂದೆ ನಡೆಯಿರಿ, ಅವನಿಗೆ ಉತ್ತರವಿಲ್ಲ. ಒಂದು ವಿನಾಯಿತಿ: ಮೈ ಬತ್ತಿ ಹೊಟ್ಟೆ ಮಾತ್ರ ಉಬ್ಬಿದ ಮರಿ ಸಣಕಲಲ್ಲ, ಅದರ ಹೊಟ್ಟೆಯಲ್ಲಿ ಜಂತಿದೆ.

ಬೇಸಿಗೆಯಲ್ಲಿ ಸೂರ್ಯ ಹುಟ್ಟುವ ಮೊದಲು ಹೊರಗೆ ಒಯ್ಯಿರಿ. ಮಧ್ಯಾಹ್ನದ ಡಾಂಬರಿನ ಮೇಲೆ ನಿಮ್ಮ ಅಂಗೈ ಇಡಲು ಆಗದಿದ್ದರೆ ಅದರ ಪಾದವೂ ಇಡಲಾಗದು.

ವಾರಂಟಿ

ಹತ್ತು ಹನ್ನೆರಡು ವರ್ಷ ಬಾಳುವ ವಸ್ತು. ಹಿಂತಿರುಗಿಸುವ, ಬದಲಾಯಿಸುವ ಸೌಲಭ್ಯ ಇಲ್ಲ. ಬೆಳೆದ ಮೇಲೆ ಕೃಷ್ಣಾ ಕಾಲುವೆಯ ದಂಡೆಗೆ ಬಿಟ್ಟು ಬರುವ ಕ್ರಮವೊಂದು ಕೆಲವರಲ್ಲಿದೆ. ಅಂಥವರು ಈ ಕೈಪಿಡಿಯನ್ನು ಇಲ್ಲಿಗೇ ಮುಚ್ಚಿ, ಮರಿ ತರುವ ವಿಚಾರವನ್ನೂ ಬಿಡಲಿ.

ರೇಬೀಸ್ ವಿಷಯದಲ್ಲಿ ಮಾತ್ರ ಯಾರ ಸಲಹೆಯನ್ನೂ ಕೇಳಬೇಡಿ. ನಾಯಿ ಕಚ್ಚಿದ ಗಾಯಕ್ಕೆ ಖಾರದ ಪುಡಿ, ಸುಣ್ಣ, ಅರಿಶಿನ ಮೆತ್ತುವ ಪದ್ಧತಿ ನಮ್ಮ ಹಳ್ಳಿಗಳಲ್ಲಿ ಇನ್ನೂ ಸತ್ತಿಲ್ಲ, ಅದನ್ನು ನಂಬಿದವರು ಸತ್ತಿದ್ದಾರೆ. ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ ಹದಿನೈದು ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಬೇಕು, ಸೂಜಿಯ ಎಲ್ಲ ಸುತ್ತೂ ಮುಗಿಸಬೇಕು. ಲಕ್ಷಣ ಕಂಡ ಮೇಲೆ ಈ ರೋಗಕ್ಕೆ ಮದ್ದಿಲ್ಲ. ಮರಿಗೆ ಮೂರು ತಿಂಗಳು ತುಂಬಿದ ವಾರವೇ ದನದ ದವಾಖಾನಿಗೆ ಒಯ್ದು ಹುಚ್ಚುನಾಯಿ ರೋಗದ ಸೂಜಿ ಹಾಕಿಸಿ, ಆಮೇಲೆ ಡಾಕ್ಟರು ಬರೆದುಕೊಟ್ಟ ತಾರೀಖಿಗೆ ವರ್ಷ ವರ್ಷವೂ ಹಾಕಿಸಿ, ಚೀಟಿಯನ್ನು ರೇಷನ್ ಕಾರ್ಡಿನ ಜೊತೆ ಜೋಪಾನ ಮಾಡಿ. ಸೆಪ್ಟೆಂಬರ್ 28 ವಿಶ್ವ ರೇಬೀಸ್ ದಿನ. ಅದರ ಆಸುಪಾಸಿನಲ್ಲಿ ಹಲವು ಕಡೆ ಪುಕ್ಕಟೆ ಸೂಜಿ ಹಾಕುತ್ತಾರೆ. ಆವತ್ತು ಒಬ್ಬರೇ ಹೋಗಬೇಡಿ. ವರ್ಷವಿಡೀ ಸಲಹೆ ಕೊಟ್ಟವರ ಮನೆ ಬಾಗಿಲು ಬಡಿದು, ಅವರ ಅಂಗಳದ ನಾಯಿಗಳನ್ನೂ ಜೊತೆಗೆ ಹೊರಡಿಸಿಕೊಂಡು ಹೋಗಿ.